ಪ್ಲಾನಿನಲ್ಲಿದ್ದ ಮೆಟ್ಟಿಲು

ಮನೆ ಕಟ್ಟಿಸಿದವರನ್ನು ಮಾತಿಗೆಳೆದು ನೋಡಿ. ಸಿಮೆಂಟಿನ ಕತೆ, ಮರಳಿನ ಕತೆ, ಮೇಸ್ತ್ರಿ ಕೈಕೊಟ್ಟ ಕತೆ ಎಲ್ಲವನ್ನೂ ಹೇಳುತ್ತಾರೆ. ಯಾವ ಆಸೆಗೆ ಬಿದ್ದು ಕಟ್ಟಿಸಿದೆವು ಎಂಬುದನ್ನು ಮಾತ್ರ ಬಾಯಿಬಿಡುವುದಿಲ್ಲ. ನನ್ನದನ್ನು ನಾನು ಹೇಳಿಬಿಡುತ್ತೇನೆ. ನನಗೆ ಬೇಕಾಗಿದ್ದದ್ದು ಒಂದು ರೂಮು. ಬಾಗಿಲು ಹಾಕಿಕೊಂಡು, ಕಾಲು ಚಾಚಿ, ಪೇಪರನ್ನು ಮೊದಲ ಪುಟದಿಂದ ಟೆಂಡರ್ ಪ್ರಕಟಣೆಯವರೆಗೆ ಯಾರ ಹಂಗೂ ಇಲ್ಲದೆ ಓದುವುದಕ್ಕೆ. ಆಗ ತೊಂಬತ್ತರ ದಶಕದ ಕೊನೆ. ತಾಂಡ್ಯದ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟುಗಳ ನಡುವೆ ಹಗಲು ಕಳೆದು, ಸಂಜೆ ನಂಜನಗೂಡಿನ ವಠಾರದ ಬಾಡಿಗೆ ಮನೆಗೆ ಬಂದರೆ, ಕೂತಾಗ ಮೊಣಕಾಲು ಅಡುಗೆಮನೆಯಲ್ಲಿ, ಬೆನ್ನು ಬೀದಿಯಲ್ಲಿ ಎನ್ನುವ ಪರಿಸ್ಥಿತಿ. ಆ ಮನೆಗಿದ್ದ ದೀಪದ ಸ್ವಿಚ್ಚೂ ನಮ್ಮ ಕೈಯಲ್ಲಿರಲಿಲ್ಲ. ಅದು ಮಾಲೀಕರ ಗೋಡೆಯಲ್ಲಿತ್ತು. ಅವರಿಗೆ ನಿದ್ದೆ ಬಂದರೆ ನಮಗೆ ಕತ್ತಲು.

ನನ್ನ ಹೆಂಡತಿ ಜಯಾಳ ಆಸೆ ಬೇರೆಯದು. ನರಸೀಪುರದ ಕಡೆಯ ಹಳ್ಳಿಯವಳಾದ ಅವಳು ಚಿಕ್ಕಂದಿನಲ್ಲಿ ಬನ್ನೂರಿನ ಸೋದರತ್ತೆಯ ಮನೆಯಲ್ಲಿ ಮೆಟ್ಟಿಲಿನ ದೀಪವೊಂದನ್ನು ಕಂಡಿದ್ದಳು. ಕೆಳಗಿನ ಸ್ವಿಚ್ಚು ಒತ್ತಿದರೆ ಹತ್ತುತ್ತದೆ, ಮೇಲೆ ಹೋಗಿ ಇನ್ನೊಂದನ್ನು ಒತ್ತಿದರೆ ಆರುತ್ತದೆ. ನಮ್ಮ ಸೈಟಿನ ನಕ್ಷೆ ಪುರಸಭೆಯಲ್ಲಿ ಮಂಜೂರಾಗಿ ಸೀಲು ಬಿದ್ದ ದಿನ, ಅದರಲ್ಲಿ ಹಾಲ್‌ನ ಮೂಲೆಗಿದ್ದ ಮೆಟ್ಟಿಲಿನ ಗೆರೆಗಳ ಮೇಲೆ ಬೆರಳಾಡಿಸುತ್ತಾ, "ಇಲ್ಲೊಂದು ಸ್ವಿಚ್ಚು, ಇಲ್ಲೊಂದು ಸ್ವಿಚ್ಚು" ಎಂದಳು. ಬೇರೆ ಹೆಂಗಸರು ಒಡವೆ ಅಂಗಡಿಯ ಗಾಜಿನ ಮೇಲೆ ಹೀಗೆ ಬೆರಳಾಡಿಸುತ್ತಾರೆ. ಅಗ್ಗದಲ್ಲಿ ಮುಗಿಯಿತೆಂದು ನಾನು ಒಪ್ಪಿಕೊಂಡೆ.

ಗೋಡೆ ಎದೆಮಟ್ಟ ಬಂದಾಗ ಮೇಸ್ತ್ರಿ ಸಿದ್ದರಾಜು ನನ್ನನ್ನು ಪಕ್ಕಕ್ಕೆ ಕರೆದ. "ಸಾ, ಮೆಟ್ಲ ಒಳೀಕ್ ಯಾಕಾಕ್ತೀರಿ? ಮಗ್ಗುಲಲ್ಲಿ ಇಷ್ಟಗಲ ಜಾಗ ಸುಮ್ನೆ ಬಿದ್ದದೆ. ಆಚ್ಗೆ ಆಕ್ಬುಡವ. ಒಳ್ಗೆ ನಿಮ್ಗೊಂದು ರೂಮಾಯ್ತದೆ."

ರೂಮು! ಆ ಪದ ಅವನ ಬಾಯಿಗೆ ಹೇಗೆ ಬಂತೋ ಕಾಣೆ. ಆದರೂ ವಿದ್ಯಾವಂತನೆಂಬ ಗೌರವಕ್ಕೆ, "ಪ್ಲಾನಿನಲ್ಲಿ ಹಾಗಿಲ್ಲವಲ್ಲಪ್ಪ" ಎಂದೆ.

"ಪ್ಲಾನು ಆಪೀಸ್ಗೆ ಸಾ, ಮನೆ ನಮ್ಗೆ" ಎಂದ.

ಜಯಾ ಕೇಳಿದ್ದು ಒಂದೇ ಪ್ರಶ್ನೆ: "ಮೆಟ್ಲು ಆಚೆ ಹೋದ್ರೆ ಎರಡು ಸ್ವಿಚ್ಚು?" ವೈರಿಂಗಿನ ಜವರಯ್ಯ ತಲೆಯಾಡಿಸಿದ. "ಮಳೇಲಿ ನೆನೆಯೋ ಕಡೆ ಅದ್ನ ಮಡಗಕಾಗಲ್ಲ ಕಣಕ್ಕ. ಮುಟ್ಟುದ್ರೆ ಕರೆಂಟು ಒಡೆದಾಕ್ಬುಡ್ತದೆ." ಅವಳು ರಾಶಿಯಿಂದ ಜಾರಿದ್ದ ಇಟ್ಟಿಗೆಯೊಂದನ್ನು ಎತ್ತಿಟ್ಟು, "ಸರಿ ಬಿಡಿ, ನಿಮ್ ರೂಮಾದ್ರೂ ಆಗ್ಲಿ" ಎಂದಳು. ಗಂಡಸರ ಕಿವಿಗೆ ಇಂಥ ಮಾತು ಒಪ್ಪಿಗೆಯಂತೆಯೇ ಕೇಳಿಸುತ್ತದೆ. ನನಗೂ ಹಾಗೇ ಕೇಳಿಸಿತು.

ಮನೆ ಎದ್ದಿತು. ಜವರಯ್ಯ ಗೋಡೆಗಳಲ್ಲಿ ಪೈಪು ಹುದುಗಿಸಿ ವೈರು ಎಳೆದ. ಹಿತ್ತಲಿನಲ್ಲಿ ಅರ್ಥಿಂಗಿಗೆಂದು ಗುಂಡಿ ತೋಡಿ, ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿದ. ಆ ಜಾಗ ಒಣಗಬಾರದು, ಆಗಾಗ ನೀರು ಹುಯ್ಯುತ್ತಿರಬೇಕು ಎಂದು ಜಯಾಗೆ ಹೇಳಿದ. ಅಷ್ಟೇ ಸಾಕಾಯಿತು. ನೆರೆಯ ಹೆಂಗಸರು ಬೆಳಿಗ್ಗೆ ಎದ್ದು ತುಳಸಿಗೆ ನೀರೆರೆದರೆ ನನ್ನವಳು ಅರ್ಥಿಂಗ್ ಗುಂಡಿಗೆ ಎರೆಯತೊಡಗಿದಳು. ಅದರಲ್ಲಿ ಏನು ಬೆಳೆಯುತ್ತದೆಂದು ಕೇಳಿದವರಿಗೆ "ಕರೆಂಟು" ಎಂದು ಹೇಳಿ ಒಳಗೆ ಬರುತ್ತಿದ್ದಳು.

ಆದರೆ ಕರೆಂಟು ಬೆಳೆಯಲಿಲ್ಲ. ವಠಾರದ ಮನೆ ಬಿಡಬೇಕಾದ್ದರಿಂದ ಸೀಮೆಎಣ್ಣೆ ಬುಡ್ಡಿಯನ್ನೇ ನಂಬಿ ಹೊಸ ಮನೆಗೆ ಬಂದಿದ್ದೆವು. ಮುಸ್ಸಂಜೆಯಾಗುತ್ತಲೇ ಜಯಾ ಬುಡ್ಡಿ ಹಿಡಿದು ಒಂದೊಂದೇ ಸ್ವಿಚ್ಚನ್ನು ಟಕ್ಕೆಂದು ಒತ್ತುತ್ತಾ ಮನೆಯೆಲ್ಲ ಸುತ್ತುತ್ತಿದ್ದಳು. "ಇದು ದೇವ್ರ ಮನೇದು. ಇದು ಬಚ್ಚಲದು. ಈಗ ಹತ್ತಿದೆ ಅಂದ್ಕೊಳ್ಳಿ." ನಾನು ಅಂದುಕೊಳ್ಳುತ್ತಿದ್ದೆ. ನನ್ನ ರೂಮು ಸಿದ್ಧವಾಗಿತ್ತು. ಬಾಗಿಲು ಹಾಕಿಕೊಂಡು, ಕಾಲು ಚಾಚಿ, ಕತ್ತಲಲ್ಲಿ ಪೇಪರನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ.

ಮನೆ ಪ್ಲಾನಿನಂತೆಯೇ ಕಟ್ಟಿದೆಯೆಂದು ಪುರಸಭೆಯ ಸರ್ಟಿಫಿಕೇಟು ತಂದರೆ ಮಾತ್ರ ಮೀಟರು ಎಂದಿದ್ದರು ಕರೆಂಟ್ ಆಫೀಸಿನವರು. ಕೊನೆಗೆ ಪುರಸಭೆಯಿಂದ ಚಿಕ್ಕ ವಯಸ್ಸಿನ ಇಂಜಿನಿಯರಮ್ಮ ಬಂದರು. ನಕ್ಷೆ ಬಿಚ್ಚಿದರು. ಮನೆ ನೋಡಿದರು. ನಕ್ಷೆಯನ್ನು ತಿರುಗಿಸಿ ಹಿಡಿದು ಇನ್ನೊಮ್ಮೆ ಮನೆ ನೋಡಿದರು.

"ಸಾರ್, ಈ ಮೆಟ್ಟಿಲು ಎಲ್ಲಿಂದ ಬಂತು?"

ಸಿದ್ದರಾಜು ತಾನೂ ಅದನ್ನು ಆಗಷ್ಟೇ ಕಾಣುತ್ತಿರುವವನಂತೆ ಮೆಟ್ಟಿಲಿನತ್ತ ತಿರುಗಿದ.

"ಪಕ್ಕದ ಜಾಗ ಬಿಡಿಸಿರೋದು ಗಾಳಿ ಬೆಳಕಿಗೆ. ನಾಳೆ ಬೆಂಕಿಗಿಂಕಿ ಬಿದ್ರೆ ಓಡಾಡೋಕೂ ಜಾಗ ಬೇಕಲ್ಲ? ಪ್ಲಾನಲ್ಲಿರೋ ಹಾಗೆ ಮಾಡ್ಸಿ, ನಾನೇ ಬಂದು ನೋಡಿ ಸೈನ್ ಹಾಕ್ತೀನಿ."

"ಒಳಗೆ ಜಾಗ ಇಲ್ಲ ಮೇಡಂ" ಎಂದೆ, ಆದಷ್ಟು ದೀನನಾಗಿ.

ಅವರು ನನ್ನ ರೂಮಿನ ಬಾಗಿಲು ತಳ್ಳಿ, "ಇಲ್ಲೇ ಇದೆಯಲ್ಲ ಸಾರ್" ಎಂದರು.

ಅಷ್ಟರಲ್ಲಿ ಜಯಾ ಅವರಿಗೆ ಕಾಫಿ ತಂದಳು. ಹಿಂದೆಯೇ ಚಕ್ಕುಲಿಯ ತಟ್ಟೆಯೂ ಬಂತು. "ನೀನೇನಂತೀಯ?" ಎಂದು ಆಸೆಯಿಂದ ಕೇಳಿದೆ. "ನಾನೇನನ್ಲಿ? ಗೌರ್ಮೆಂಟೇ ಹೇಳಿದ್ಮೇಲೆ ಆಯ್ತು" ಎಂದಳು. ನಮ್ಮ ಸಂಸಾರದಲ್ಲಿ ಅವಳು ಸರ್ಕಾರಕ್ಕೆ ಅಷ್ಟು ಮರ್ಯಾದೆ ಕೊಟ್ಟದ್ದನ್ನು ನಾನು ಮತ್ತೆ ಕಂಡಿಲ್ಲ.

ಹೊರಗಿನ ಮೆಟ್ಟಿಲು ಉರುಳಿತು. ಸಿದ್ದರಾಜು ಗೊಣಗಿಕೊಂಡೇ ತಾರಸಿಯ ಮೋಲ್ಡನ್ನು ಕೊಯ್ದು, ಸುತ್ತ ತೊಲೆ ಕೊಟ್ಟು, ನನ್ನ ರೂಮಿನ ಗೋಡೆ ಒಡೆದು, ಅಲ್ಲಿ ಮೆಟ್ಟಿಲು ಏರಿಸಿದ. ಜವರಯ್ಯ ಕೆಳಗೊಂದು, ಮೇಲೊಂದು ಸ್ವಿಚ್ಚು ಕೂರಿಸಿದ. ಇಂಜಿನಿಯರಮ್ಮ ಹೇಳಿದಂತೆಯೇ ಬಂದು ಸಹಿ ಹಾಕಿದರು. ಮುಂಬಾಗಿಲ ಪಕ್ಕದಲ್ಲಿ ಮೀಟರು ಬಂದು ಕೂತಿತು. ಒಂದು ಸಂಜೆ ಲೈನ್‌ಮನ್ ಕಂಬದಿಂದಿಳಿದು, "ಹಾಕ್ನೋಡಿ ಅಕ್ಕ" ಎಂದು ಸೈಕಲ್ ಹತ್ತಿದ.

ಜಯಾ ಕೆಳಗಿನ ಸ್ವಿಚ್ಚು ಒತ್ತಿದಳು. ಮೆಟ್ಟಿಲ ಮೇಲೆ ಬೆಳಕು ಬಿತ್ತು. ಅವಸರವಿಲ್ಲದೆ ಹತ್ತಿದಳು. ಮೇಲೆ ಬರೀ ತಾರಸಿ, ಅಲ್ಲಿ ಅವಳಿಗೆ ಏನೂ ಕೆಲಸವಿರಲಿಲ್ಲ. ದೀಪ ಆರಿತು. ಅವಳು ಇಳಿಯಲಿಲ್ಲ.

"ಜಯಾ?"

"ಇರಿ" ಎಂದಳು.

ಮತ್ತೆ ದೀಪ ಹತ್ತಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಇಳಿದು ಬಂದು, "ಧೂಳು" ಎಂದಳು. ಆಮೇಲೆ ಒಂದೂ ಬಿಡದೆ ಮನೆಯ ದೀಪ, ಫ್ಯಾನುಗಳನ್ನೆಲ್ಲ ಹಾಕಿ, ನನ್ನ ಕೈಹಿಡಿದು ಎದುರಿನ ರಸ್ತೆಗೆ ಎಳೆದೊಯ್ದಳು. ಕಿಟಕಿಗಳಿಂದ ಬೆಳಕು ಅಂಗಳಕ್ಕೆಲ್ಲ ಚೆಲ್ಲಿತ್ತು.

"ಊರಲ್ಲಿ ಕರೆಂಟ್ ಕಂಬ ನಮ್ಮನೆ ಮುಂದೇನೇ ಇತ್ತು ಕಣ್ರೀ" ಎಂದಳು. "ಜಾಗುಕ್ಕೆ ಪತ್ರ ಇಲ್ಲ ಅಂತ ನಮ್ಗೊಬ್ರಿಗೇ ಕೊಡ್ನಿಲ್ಲ. ನಾನೂ ಅವ್ವನೂ ಜಗಲಿ ಮೇಲೆ ಕೂತ್ಕಂಡು ಎದುರು ಮನೆ ಬೆಳಕು ನೋಡ್ತಿದ್ವಿ. ನಮ್ಮನೇಲೂ ಬಂದ್ರೆ ಆಚೆಯಿಂದ ಹೆಂಗ್ ಕಾಣ್ತದೋ ಮಗ, ಅನ್ನೋದು ಅವ್ವ."

ಅವಳ ಅವ್ವ ನಾವು ಪಾಯ ತೋಡುವ ಮೊದಲೇ ಹೋಗಿದ್ದರು. ಇಷ್ಟು ವರ್ಷ ಜೊತೆಗಿದ್ದೂ ಈ ಮಾತನ್ನು ನಾನು ಕೇಳಿರಲಿಲ್ಲ. ಆಗಲೇ ಗಾಳಿ ಬೀಸಿ ಮುಂಬಾಗಿಲು ದಢಾರೆಂದು ಮುಚ್ಚಿಕೊಂಡಿತು. ಎಳೆದರೆ ತಾನೇ ಬೀಗ ಬೀಳುವ ಹೊಸ ಲಾಕು ಅದು. ಕೀ ಒಳಗೆ. ಓಡಿ ಹೋಗಿ ಬಾಗಿಲು ಜಗ್ಗಿದೆ, ಹಿತ್ತಲಿಗೆ ಸುತ್ತಿದೆ, ಕಿಟಕಿಯ ಸರಳು ಹಿಡಿದು ಅಲುಗಿಸಿದೆ. ಒಳಗೆ ಫ್ಯಾನುಗಳು ಯಾರಿಗೂ ಅಲ್ಲದೆ ತಿರುಗುತ್ತಿದ್ದವು. ಅವಕ್ಕಿಂತ ಜೋರಾಗಿ ಮೀಟರಿನ ಚಕ್ರ ತಿರುಗುತ್ತಿತ್ತು.

"ಬೀಗದೋನ್ನ ಕರ್ಕೊಂಡು ಬತ್ತೀನಿ" ಎಂದೆ, ಏದುಸಿರಿನಲ್ಲಿ.

ಮನೆಯಿಂದ ಕಣ್ಣು ಕೀಳದೆ ಅವಳೆಂದಳು, "ಓಗಿ. ನಿಧಾನ್ವಾಗೇ ಬನ್ನಿ."

ನನ್ನ ಗ್ರಹಚಾರಕ್ಕೆ ಬೀಗದವನು ನಮ್ಮ ಬೀದಿಯ ತುದಿಯಲ್ಲೇ ಟೀ ಕುಡಿಯುತ್ತಾ ಸಿಕ್ಕಿಬಿಟ್ಟ. ಆ ಮನೆಯ ವಿಷಯದಲ್ಲಿ ನಾನು ಕೈಹಾಕಿದ ಕೆಲಸಗಳಲ್ಲಿ ತಡವಾಗದೆ ಮುಗಿದದ್ದು ಇದೊಂದೇ. ಅವನನ್ನು ಹೆಮ್ಮೆಯಿಂದ ಮುಂದಿಟ್ಟುಕೊಂಡು ಬಂದರೆ ಜಯಾ ನನ್ನತ್ತ ತಿರುಗಿ, "ಇಷ್ಟು ಬೇಗ ಯಾಕ್ ಬಂದ್ರಿ?" ಎಂದು ಸಿಡುಕಿದಳು.