ಕುಳಿತವರ ಕಪಾಟು

ಆಗೂದಿಲ್ಲ ಎಂದು ಹೇಳಿದವಳು ನನ್ನ ಸೋದರತ್ತೆ, ಕಿತ್ತೂರಿನ ಗಂಗವ್ವ. ಒಂದು ಸಲವಲ್ಲ, ಎರಡು ಸಲ ಹೇಳಿದಳು. ಮೊದಲ ಸಲ ನನ್ನ ಕಾಲೇಜಿನ ವಿಷಯಕ್ಕೆ, ಎರಡನೆಯ ಸಲ ನಮ್ಮ ಅಡುಗೆಮನೆಯ ವಿಷಯಕ್ಕೆ. ಜನ ಏನೇನೋ ಕಾರಣಕ್ಕೆ ಮುಂದೆ ಬರುತ್ತಾರೆ. ಕೆಲವರಿಗೆ ಗುರುಗಳ ಆಶೀರ್ವಾದವಿರುತ್ತದೆ, ಕೆಲವರಿಗೆ ಹಿರಿಯರ ಹೊಲವಿರುತ್ತದೆ. ನನಗಿದ್ದದ್ದು ಗಂಗವ್ವತ್ತೆಯ ಮಾತನ್ನು ಸುಳ್ಳು ಮಾಡಬೇಕೆಂಬ ಹಟ ಒಂದೇ. ನನ್ನ ಬಿ.ಎಸ್ಸಿ. ಪದವಿಯಲ್ಲಿ ಅರ್ಧ ಪಾಲು ಆಕೆಯದು ಎಂದರೂ ತಪ್ಪಲ್ಲ.

ನಮ್ಮಪ್ಪ ಬೈಲಹೊಂಗಲದ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿಯೊಂದರಲ್ಲಿ ಹಮಾಲನಾಗಿದ್ದ. ನಾನು ಮ್ಯಾಟ್ರಿಕ್ ಪಾಸಾದ ವರ್ಷವೇ ತೀರಿಕೊಂಡ. ಮಾತಾಡಿಸಲು ಬಂದ ಗಂಗವ್ವತ್ತೆ ನಡುಮನೆಯಲ್ಲಿ ಕುಳಿತು ಅವ್ವನಿಗೆ ಹೇಳಿದಳು: “ವೈನಿ, ಮಲ್ಲೇಶಿನ್ನ ಫ್ಯಾಕ್ಟರಿಗೆ ಹಚ್ಚು. ನಮ್ಮ ಮನಿತನದಾಗ ಯಾರೂ ಡಿಗ್ರಿ ಮಾಡಿಲ್ಲ, ಮಾಡೂದೂ ಇಲ್ಲ. ಬೇಕಾರ ಬರದಿಟ್ಕೋರಿ.” ಅಲ್ಲಿದ್ದವರಲ್ಲಿ ಬರೆಯಲು ಬರುತ್ತಿದ್ದವನು ನಾನೊಬ್ಬನೇ. ಹಾಗಾಗಿ ನಾನೇ ಬರೆದಿಟ್ಟುಕೊಂಡೆ. ಅವ್ವ ಮರುದಿನದಿಂದ ಊರಲ್ಲಿ ಒಂಟಿಯಾಗಿದ್ದ ನೌಕರರಿಗೆ ರೊಟ್ಟಿ ಬಡಿದು ಕೊಡಲು ಶುರು ಮಾಡಿದಳು. ನಾನು ಧಾರವಾಡದಲ್ಲಿ ಬೀಜಗಣಿತ ಬಿಡಿಸುತ್ತಿದ್ದ ಅಷ್ಟೂ ವರ್ಷ ಇಲ್ಲಿ ಆಕೆಯ ಅಂಗೈಯ ಸಪ್ಪಳ ನಿಲ್ಲಲಿಲ್ಲ. ಕೊನೆಗೆ ಪದವಿ ಬಂತು, ಊರಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನ ಕೆಲಸವೂ ಬಂತು. ಆ ವಾರವೇ ನಾನು ಕಿತ್ತೂರಿನ ಬಸ್ಸು ಹತ್ತಿ ಗಂಗವ್ವತ್ತೆಗೆ ಪೇಡೆ ಕೊಟ್ಟು ಬಂದೆ. ಆಕೆ ಒಂದು ಪೇಡೆ ಬಾಯಿಗೆ ಹಾಕಿಕೊಂಡು ಸಕ್ಕರೆ ಹೆಚ್ಚಾಗಿದೆ ಎಂದಳು.

ಇನ್ನು ಕಪಾಟುಗಳ ವಿಷಯ. ಫ್ಯಾಕ್ಟರಿಗೆ ಹೊಸ ಯಂತ್ರಗಳು ದಪ್ಪ ಹಲಗೆಯ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಯಂತ್ರ ಒಳಗೆ ಹೋಗುತ್ತಿತ್ತು, ಪೆಟ್ಟಿಗೆ ಒಡೆದು ಒಲೆಗೆ ಹೋಗುತ್ತಿತ್ತು. ಅಪ್ಪ ಮಾಲಕರನ್ನು ಕೇಳಿ ಆ ಹಲಗೆಗಳನ್ನು ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದ. ಗರಗಸ ಒಬ್ಬರದು, ಸುತ್ತಿಗೆ ಇನ್ನೊಬ್ಬರದು, ಕೈ ಮಾತ್ರ ತನ್ನದು. ಎರಡು ಮಳೆಗಾಲ ಹಿಡಿಯಿತಂತೆ ಎರಡು ಕಪಾಟು ಮುಗಿಯಲು. ಒಲೆಯ ಎಡಕ್ಕೊಂದು, ಬಲಕ್ಕೊಂದು. ಎರಡೂ ನೆಲಕ್ಕೆ ಅಂಟಿಕೊಂಡಂತಿದ್ದವು. ನಿಂತವರ ಸೊಂಟಕ್ಕೂ ಬರುತ್ತಿರಲಿಲ್ಲ. ಆದರೆ ಅವ್ವ ಒಲೆಯ ಮುಂದೆ ಮಣೆ ಹಾಕಿಕೊಂಡು ಕುಳಿತಳೆಂದರೆ ಎಡಗೈಗೆ ಉಪ್ಪು, ಖಾರ, ಅರಿಷಿಣ. ಬಲಗೈಗೆ ಜೋಳದ ಹಿಟ್ಟು, ಬೇಳೆ, ಬೆಲ್ಲ. ಕೊನೆಯ ರೊಟ್ಟಿ ಬೇಯುವ ತನಕ ಏಳುವ ಪ್ರಸಂಗವೇ ಇರುತ್ತಿರಲಿಲ್ಲ.

ಆ ಹಲಗೆಗಳ ಮೇಲೆ ಕಪ್ಪು ಬಣ್ಣದ ಇಂಗ್ಲಿಷ್ ಅಕ್ಷರಗಳಿದ್ದವು. ಓದಲು ಬಾರದ ಅಪ್ಪ ಎಲ್ಲವನ್ನೂ ತಲೆಕೆಳಗಾಗಿ ಜೋಡಿಸಿ ಮೊಳೆ ಹೊಡೆದಿದ್ದ. ಅವ್ವನ ಪಕ್ಕ ಕುಳಿತು ಬಿಸಿ ರೊಟ್ಟಿ ತಿನ್ನುತ್ತ ನಾನು ಕಲಿತ ಮೊದಲ ಇಂಗ್ಲಿಷ್ ಅದೇ. ಶಾಲೆಯಲ್ಲಿ ಮಾಸ್ತರರು ಅದೇ ಅಕ್ಷರಗಳನ್ನು ನೆಟ್ಟಗೆ ಬರೆದಾಗ ನನಗೆ ಗುರುತೇ ಹತ್ತಲಿಲ್ಲ. ಅದಕ್ಕೂ ಪೆಟ್ಟು ತಿಂದಿದ್ದೇನೆ. ಆ ಬರಹದ ಅರ್ಥ ‘ಈ ಕಡೆ ಮೇಲಿರಲಿ’ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅಪ್ಪನಿಗೆ ಹೇಳಿ ನಗೋಣವೆಂದರೆ ಅಪ್ಪ ಇರಲಿಲ್ಲ.

ನನ್ನ ಪದವಿಯ ಪ್ರಮಾಣಪತ್ರವನ್ನು ಅವ್ವ ಎಡ ಕಪಾಟಿನ ತಳದ ಖಾನೆಯಲ್ಲಿ ಇಟ್ಟಳು, ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಇಂಗಿನ ಡಬ್ಬಿಯ ಪಕ್ಕದಲ್ಲಿ. ಇಂಗು ಇದ್ದಲ್ಲಿ ಹುಳು ಬರುವುದಿಲ್ಲ ಎಂಬುದು ಆಕೆಯ ವಾದ. ಹುಳುವೇನೋ ಬರಲಿಲ್ಲ. ಆದರೆ ನೌಕರಿಯ ಸಂದರ್ಶನದಲ್ಲಿ ನಾನು ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟಾಗ ಒಬ್ಬ ಸಾಹೇಬರು ಮೂಗು ಅರಳಿಸಿ ಪಕ್ಕದವರನ್ನು ಊಟದ ಹೊತ್ತಾಯಿತೇ ಎಂದು ಕೇಳಿದ್ದರು. ಮನೆಗೆ ಬಂದು ಕೊಟ್ಟ ತಕ್ಷಣ ಅವ್ವ ಮತ್ತೆ ಅದೇ ಜಾಗದಲ್ಲಿ ಇಟ್ಟಳು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಮರುವರ್ಷ ನನ್ನ ಮದುವೆಯಾಯಿತು. ಹೆಂಡತಿ ಶಾರದಾ ರಾಮದುರ್ಗದವಳು, ನನಗಿಂತ ಒಂದು ಬೆರಳು ಎತ್ತರ. ಅಡುಗೆಮನೆಯನ್ನು ಹೊಸದು ಮಾಡಿದ್ದು ಆಕೆಯ ಒತ್ತಾಯಕ್ಕೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅದು ಶುದ್ಧ ಸುಳ್ಳು. ಆಕೆ ಕೇಳಿದ್ದು ಹೊಗೆ ಹೋಗಲು ಒಂದು ಕಿಟಕಿ, ಅಷ್ಟೇ. ನಿಂತು ಅಡುಗೆ ಮಾಡುವ ಕಟ್ಟೆಯ ಹುಚ್ಚು ಹತ್ತಿದ್ದು ನನಗೆ. ನಮ್ಮ ಹೆಡ್‌ಮಾಸ್ತರರ ಮನೆಯಲ್ಲಿ ಚಹಾಕ್ಕೆ ಹೋದಾಗ ಅವರ ಹೆಂಡತಿ ನುಣುಪಾದ ಕಲ್ಲಿನ ಕಟ್ಟೆಯ ಮುಂದೆ ನಿಂತು, ಸೀಮೆಎಣ್ಣೆ ಸ್ಟೋವಿನ ಮೇಲೆ, ಮಸಿ ಹತ್ತದ ಕೈಯಿಂದ ಚಹಾ ಸೋಸುವುದನ್ನು ಕಂಡೆ. ಪದವೀಧರನ ಮನೆ ಎಂದರೆ ಇದು ಅನ್ನಿಸಿತು. ನಾನು ದಿನವಿಡೀ ನಿಂತು ಪಾಠ ಮಾಡುವವನು, ನನ್ನ ಮನೆಯಲ್ಲಿ ನೆಲಕ್ಕೆ ಕುಳಿತು ಅಡುಗೆಯೇ?

ಹಳೆಯ ಕಟ್ಟಿಗೆ ತೆಗೆದು ಕಲ್ಲಿನ ಹಲಗೆ ಕೂಡಿಸಿ ಎಂದು ಕಂಡವರೆಲ್ಲ ಹೇಳಿದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಅಪ್ಪ ಹೊತ್ತು ತಂದ ಹಲಗೆ ಒಂದೂ ಮನೆಯಿಂದ ಹೊರಗೆ ಹೋಗಕೂಡದು. ಕಪಾಟು ಅವೇ ಇರಬೇಕು, ಅಡುಗೆಮನೆ ಹೊಸದಾಗಬೇಕು. ಆಗ ಬಂದಳು ಗಂಗವ್ವತ್ತೆ, ಉಗರಗೋಳದ ಬೀಗರ ಮನೆಗೆ ಹೋಗಿ ಕಿತ್ತೂರಿಗೆ ಮರಳುವ ದಾರಿಯಲ್ಲಿ. ನಾನು ಗ್ರಾಫ್ ಕಾಗದದ ಮೇಲೆ ಬರೆದ ನಕ್ಷೆಯನ್ನು ಆಕೆಯ ಮುಂದೆ ಹಾಸಿದೆ. ಆಕೆ ನಕ್ಷೆ ನೋಡಲಿಲ್ಲ, ಕಪಾಟು ನೋಡಿದಳು.

“ಆಗೂದಿಲ್ಲ ತಮ್ಮಾ. ನಮ್ಮಣ್ಣ ಇವನ್ನ ಕುಂತವರ ಸಲುವಾಗಿ ಮಾಡ್ಯಾನ. ನಿಂತವರಿಗೆ ಆಗಿಬರೂದಿಲ್ಲ.”

ಆಕೆ ಕಾರಣವನ್ನೂ ಬಿಡಿಸಿ ಹೇಳಿದ್ದಳು. ನನ್ನ ಕಿವಿಗೆ ಬಿದ್ದದ್ದು ಮೊದಲ ಶಬ್ದ ಮಾತ್ರ. ಕಾಲೇಜಿಗೆ ಹೋಗುವ ಮುಂಚೆ ಕೇಳಿದ್ದ ಅದೇ ಶಬ್ದ. ಮರುದಿನವೇ ಬಡಿಗೇರ ಮಾನಪ್ಪನಿಗೆ ಬರಲು ಹೇಳಿದೆ.

ಅಳತೆಯನ್ನು ಮಾತ್ರ ಮಾನಪ್ಪನಿಗೆ ಬಿಡಲಿಲ್ಲ. ಗಣಿತದ ಮಾಸ್ತರ ಮನೆಯಲ್ಲಿರುವಾಗ ಬೇರೆಯವರ ಅಳತೆ ಏಕೆ? ಶಾರದಾಳನ್ನು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಆಮೇಲೆ ಅವ್ವನನ್ನು ನಿಲ್ಲಿಸಿದೆ. ನೆಟ್ಟಗೆ ನಿಲ್ಲವ್ವಾ ಎಂದೆ. ಅಷ್ಟು ವರ್ಷ ಬಾಗಿ ರೊಟ್ಟಿ ಬಡಿದ ಬೆನ್ನು ಅದು. ಫೋಟೋ ತೆಗೆಸುವವರ ಹಾಗೆ ಉಸಿರು ಬಿಗಿಹಿಡಿದು, ಹಿಮ್ಮಡಿ ಒಂದಿಷ್ಟು ಎತ್ತಿ ನಿಂತಳು, ಮಗನ ಲೆಕ್ಕ ಕೆಡಬಾರದೆಂದು. ಇಬ್ಬರ ಎತ್ತರ ಕೂಡಿಸಿ ಎರಡರಿಂದ ಭಾಗಿಸಿ ನಾನು ಸರಾಸರಿ ತೆಗೆದೆ, ಆ ಸರಾಸರಿಗೆ ತಕ್ಕಂತೆ ಕಪಾಟಿನ ಎತ್ತರ ಗೊತ್ತುಮಾಡಿದೆ. ಆ ಎತ್ತರದ ಹೆಂಗಸು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಮಾನಪ್ಪ ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಕೇಳಿದ: “ಮಾಸ್ತರ, ಅವ್ವಾರು ಕುಂತ ಅಡಿಗಿ ಮಾಡ್ತಾರೇನ್ರಿ, ನಿಂತೇನ್ರಿ?” ಇನ್ನು ಮೇಲೆ ಈ ಮನೆಯಲ್ಲಿ ಎಲ್ಲರೂ ನಿಂತೇ ಮಾಡುತ್ತಾರೆ ಎಂದೆ. ಅವನು ತಲೆಯಾಡಿಸಿ ಮೊಳೆ ಕೀಳಲು ಶುರು ಮಾಡಿದ.

ಕಪಾಟುಗಳನ್ನು ಗೋಡೆಯಿಂದ ಬಿಡಿಸಿದಾಗ ಹಿಂದೆ ನೆಲದಿಂದ ಮೊಳಕಾಲೆತ್ತರದಲ್ಲಿ, ಎಡಕ್ಕೊಂದು ಬಲಕ್ಕೊಂದು, ಇದ್ದಿಲಿನ ಗೀಟುಗಳು ಕಂಡವು. ಬಾಗಿಲಲ್ಲಿ ನಿಂತಿದ್ದ ಅವ್ವ ಹೇಳಿದಳು: “ಅವು ನಿಮ್ಮಪ್ಪ ಹಾಕಿದ್ವು. ನನ್ನ ಒಲಿ ಮುಂದ ಕುಂದರಿಸಿ, ಕೈ ಚಾಚು ಅಂದ್ರು. ಕೈ ಎಲ್ಲಿ ಮುಟ್ಟಿದ್ವೋ ಅಲ್ಲೆ ಗೀಟ ಎಳದ್ರು.” ಅದಕ್ಕೆ ಈ ಬಿ.ಎಸ್ಸಿ. ಪದವೀಧರ ಏನು ಹೇಳಿದ ಗೊತ್ತೇ? ಆಗಿನ ಕಾಲದಲ್ಲಿ ಟೇಪು ಇರಲಿಲ್ಲವಲ್ಲ ಅವ್ವಾ, ಪಾಪ, ಅಪ್ಪನಾದರೂ ಏನು ಮಾಡಿಯಾನು ಎಂದ. ಅವ್ವ ನೀರು ತರುತ್ತೇನೆಂದು ಕೊಡ ಎತ್ತಿಕೊಂಡು ಹೋದಳು. ಸಂಜೆಯೊಳಗೆ ನಾನು ಗೋಡೆಗೆ ಸುಣ್ಣ ಹೊಡೆಸಿದೆ.

ಕೆಲಸ ಚೆನ್ನಾಗಿಯೇ ಆಯಿತು. ಶಹಾಬಾದಿ ಕಲ್ಲಿನ ಕಟ್ಟೆ, ಮೇಲೆ ಸ್ಟೋವು, ಅದರ ಎಡಬಲಕ್ಕೆ ಗೋಡೆಗೆ ತೂಗುಹಾಕಿದ, ಎಣ್ಣೆ ಉಜ್ಜಿ ಹೊಳೆಯುವಂತೆ ಮಾಡಿದ ಅಪ್ಪನ ಕಪಾಟುಗಳು. ಕಿಟಕಿಯೂ ಬಂತು. ಹೆಡ್‌ಮಾಸ್ತರರು ಸ್ವತಃ ಬಂದು ನೋಡಿ ಹೊಗಳಿದರು. ಗಂಗವ್ವತ್ತೆಗೆ ಕಾರ್ಡು ಬರೆದು ಹಾಕಿದೆ. ಆಕೆಗೆ ಓದಲು ಬರುವುದಿಲ್ಲ, ಪಕ್ಕದ ಮನೆಯವರಿಂದ ಗಟ್ಟಿಯಾಗಿ ಓದಿಸಿಕೊಳ್ಳಲಿ ಎಂಬುದೇ ನನ್ನ ಉದ್ದೇಶವಾಗಿತ್ತು.

ಅವ್ವ ನಿಂತು ರೊಟ್ಟಿ ಬಡಿಯಲು ನೋಡಿದಳು. ರೊಟ್ಟಿಗೆ ಬರೀ ಕೈಯ ಬಲ ಸಾಲದು, ಕುಳಿತವರ ಇಡೀ ಮೈಯ ಭಾರ ಅಂಗೈಗೆ ಇಳಿಯಬೇಕು. ನಿಂತು ಬಡಿದ ರೊಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿಯುತ್ತಿತ್ತು. ಊರಿಗೆಲ್ಲ ಚಂದ್ರನಂಥ ರೊಟ್ಟಿ ಕೊಟ್ಟವಳು ತನ್ನ ರೊಟ್ಟಿಯನ್ನು ತಾನೇ ಮುಚ್ಚಿಟ್ಟು ತಿನ್ನತೊಡಗಿದಳು. ಮೇಲಿನ ಕಪಾಟಿನ ಉಪ್ಪು ಆಕೆಗೆ ನಿಲುಕುತ್ತಿರಲಿಲ್ಲ. ಮೂವತ್ತು ವರ್ಷ ತಾನು ಕುಳಿತಿದ್ದ ಮಣೆಯನ್ನು ಕಟ್ಟೆಯ ಮುಂದಿಟ್ಟು, ಅದರ ಮೇಲೆ ಹತ್ತಿ ನಿಂತು ತೆಗೆದುಕೊಳ್ಳುತ್ತಿದ್ದಳು. ನೋಡಿದೆಯಾ, ಉಪಾಯವಿದ್ದರೆ ಎಲ್ಲ ಆಗುತ್ತದೆ ಎಂದು ನಾನು ಹೆಂಡತಿಗೆ ಹೇಳಿದೆ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ.

ಒಂದು ದಿನ ಮಣೆ ಜಾರಿತು. ಎಲುಬು ಮುರಿಯಲಿಲ್ಲ, ಬಲಗೈಯ ಮಣಿಕಟ್ಟು ಬಾತಿತು. ಬಾವು ಇಳಿಯಿತು, ನೋವು ಇಳಿಯಲಿಲ್ಲ. ಆಮೇಲೆ ಅವ್ವ ರೊಟ್ಟಿ ಬಡಿಯಲಿಲ್ಲ. ಹಿತ್ತಿಲ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಕೆಲವೊಮ್ಮೆ ಏನೋ ನೆನಪಾದವರಂತೆ ಎಡಗೈಯನ್ನು ಪಕ್ಕಕ್ಕೆ ಚಾಚುತ್ತಿದ್ದಳು, ಅಲ್ಲಿ ಏನೂ ಇಲ್ಲವೆಂದು ತಿಳಿದು ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಶಾರದಾ ಒಂದು ದಿನ ನೇರವಾಗಿ ಹೇಳಿದಳು: “ಒಂದ ಕಪಾಟರೆ ಕೆಳಗ ಇಳಸ್ರಿ. ಅವರ ಒಲಿ ಅವರಿಗೆ ಹಾಕಿ ಕೊಡ್ರಿ. ನನಗ ಕಿಟಕಿ ಐತಿ, ಸಾಕು.” ಶಾಲೆಗೆ ಸೂಟಿ ಬಿಟ್ಟಾಗ ನೋಡೋಣ ಎಂದೆ. ಮಾನಪ್ಪನಿಗೆ ಅದು ಅರ್ಧ ದಿನದ ಕೆಲಸ. ಆದರೆ ಕಪಾಟು ಇಳಿಸಿದರೆ ಸುದ್ದಿ ಕಿತ್ತೂರು ಮುಟ್ಟುತ್ತಿತ್ತು, ಗಂಗವ್ವತ್ತೆ ಗೆದ್ದಂತಾಗುತ್ತಿತ್ತು. ನಾನು ಕಾದದ್ದು ಸೂಟಿಗಲ್ಲ ಎಂಬುದನ್ನು ಇಂದು ನಿಮ್ಮ ಮುಂದೆ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಸೂಟಿ ಬರುವ ಮುಂಚೆ ಅವ್ವನಿಗೆ ಜ್ವರ ಬಂತು. ಎಂಟು ದಿನ ಮಲಗಿದಳು, ಒಂಬತ್ತನೆಯ ದಿನ ಇರಲಿಲ್ಲ.

ಅವ್ವನ ದಿನಕರ್ಮದ ಊಟ ಮುಗಿದು ಬಂದವರೆಲ್ಲ ಹೋದ ಮಧ್ಯಾಹ್ನ ನಾನು ಅಡುಗೆಮನೆಗೆ ಹೋಗಿ ಎಡ ಕಪಾಟಿನ ತಳದ ಖಾನೆ ತೆರೆದೆ. ಅವ್ವ ಸುತ್ತಿಟ್ಟ ಗಂಟನ್ನು ಒಮ್ಮೆ ಮುಟ್ಟಬೇಕು ಅನ್ನಿಸಿತ್ತು. ಖಾನೆಯಲ್ಲಿ ಇಂಗಿನ ಡಬ್ಬಿ ಮಾತ್ರ ಇತ್ತು. ತಡಕಾಡುತ್ತಿದ್ದಾಗ ಹಿಂದಿನಿಂದ ಗಂಗವ್ವತ್ತೆ ಬಂದಳು. ಆಕೆಯ ಕೈಯಲ್ಲಿ ಧೋತರದ ಆ ಗಂಟು ಇತ್ತು. ಕಪಾಟು ಮೇಲೇರಿದ ತಿಂಗಳೇ ಅವ್ವ ಕಿತ್ತೂರಿಗೆ ಹೋದಾಗ ಅದನ್ನು ಆಕೆಗೆ ಕೊಟ್ಟು ಬಂದಿದ್ದಳಂತೆ. ದಿನಾ ಬೆಳಿಗ್ಗೆ ಹಿಟ್ಟಿಗೆ ಕೈ ಹಾಕುವ ಮುಂಚೆ ಖಾನೆ ಎಳೆದು ಅದನ್ನು ಮುಟ್ಟಿ ನಮಸ್ಕಾರ ಮಾಡುವುದು ಅವ್ವನ ರೂಢಿಯಂತೆ. ಕಪಾಟು ಮೇಲೇರಿದ ಮೇಲೆ ಅದಕ್ಕೆ ಕೈ ಮುಟ್ಟುವುದಿಲ್ಲ, ಮಗನಿಗೆ ಹೇಳಿದರೆ ಅವನ ಮನಸ್ಸಿಗೆ ನೋವಾದೀತು, ನೀನೇ ಇಟ್ಟುಕೋ ಎಂದಿದ್ದಳಂತೆ. ಮನೆಯ ಸೊಸೆಗೂ ತಿಳಿಸಬೇಡವೆಂದು ಆಣೆ ಹಾಕಿಸಿದ್ದಳಂತೆ. ಅಷ್ಟು ಹೇಳಿ, ಅಡುಗೆಮನೆ ಅರಮನೆಯಂತಾಗಿದೆ ಎಂದು ಇಡೀ ಓಣಿಗೆ ಹೊಗಳಿಕೊಂಡು ಬಂದಿದ್ದಳಂತೆ.

ಗಂಗವ್ವತ್ತೆ ಗಂಟು ಬಿಚ್ಚಿ ಪ್ರಮಾಣಪತ್ರವನ್ನು ನನ್ನ ಕೈಗೆ ಕೊಟ್ಟಳು. ಇಂಗಿನ ವಾಸನೆ ಇನ್ನೂ ಹೋಗಿರಲಿಲ್ಲ. ಆಕೆ ಈ ಸಲವಾದರೂ ನನ್ನನ್ನು ಬಯ್ಯುತ್ತಾಳೆ ಎಂದು ಕಾದು ನಿಂತೆ. ಆಕೆ ಮೇಲಿನ ಕಪಾಟನ್ನು ನೋಡಿದಳು, ಸುಣ್ಣ ಹೊಡೆದ ಗೋಡೆಯನ್ನು ನೋಡಿದಳು, ಕಣ್ಣೊರೆಸಿಕೊಂಡಳು.

“ಆಗೂದಿಲ್ಲ ಅಂತ ಎರಡ ಸಲ ಅಂದೆ, ಮಲ್ಲೇಶಿ. ಎರಡೂ ಸಲ ನೀನ ಗೆದ್ದಿ. ಈ ಒಂದ ಸಲ ನನ್ನ ಗೆಲ್ಲಾಕ ಬಿಟ್ಟಿದ್ರ ಚಲೋ ಇತ್ತಪ್ಪಾ.”