ಮೂರು ಷರತ್ತು, ಒಂದು ಹೆಸರು

ಗಣಿತ ವಿಭಾಗಕ್ಕೆ ಇದ್ದದ್ದು ಒಂದೇ ಪ್ರಿಂಟರ್, ಅದೂ ಮುಖ್ಯಸ್ಥರ ಕೋಣೆಯಲ್ಲಿ. ಹಂಗಾಮಿ ಮೇಷ್ಟ್ರ ಗ್ರಹಚಾರ ಶುರುವಾದದ್ದು ಅಲ್ಲಿಂದಲೇ.

ಒಂಬತ್ತು ವರ್ಷದ ಹಂಗಾಮಿ ಕೆಲಸ ಕಾಯಂ ಆಗಬೇಕಾದರೆ, ಒಬ್ಬರೇ ಬರೆದ ಪ್ರಬಂಧವೊಂದು ಸಂಜೆ ಐದರೊಳಗೆ ಆಯ್ಕೆ ಸಮಿತಿಗೆ ಸೇರಬೇಕು. ಎರಡು ಹೆಸರಿದ್ದರೆ ನಡೆಯದು. ಪ್ರಬಂಧ ಸಿದ್ಧವಿತ್ತು. ಬಾಗಿದ ಜಾಗವೊಂದರಲ್ಲಿ ಎಲ್ಲಿ ನಿಂತು ಯಾವ ದಿಕ್ಕಿಗೆ ಮುಖ ಮಾಡಿದರೂ, ಅದರ ಬಾಗನ್ನು ಅಳೆಯುವ, ಆಪರೇಟರ್ ಎಂಬ ಗಣಿತದ ಸಾಧನ ಅವೇ ಸಂಖ್ಯೆಗಳನ್ನು ಕೊಟ್ಟರೆ, ಆ ಜಾಗದ ಆಕಾರ ಗೋಳದಂಥ ಕೆಲವೇ ಮಾದರಿಗಳಲ್ಲಿ ಒಂದಾಗಿರಲೇಬೇಕು. ಕಣ್ಣಿಂದ ನೋಡಬೇಕಿಲ್ಲ, ಬೀಜಗಣಿತವೇ ಹೇಳುತ್ತದೆ. ಷರತ್ತು ಅದೊಂದೇ.

"ರೀ, ಯಾರಿಗೂ ತೋರಿಸ್ಬೇಡಿ," ಎಂದು ಹೆಂಡತಿ ಬೆಳಗ್ಗೆಯೇ ಹೇಳಿದ್ದಳು. ಪ್ರಿಂಟರ್‌ಗೆ ಯಾರೂ ಹೇಳಿರಲಿಲ್ಲ. ಅದು ಹಾಳೆಗಳನ್ನು ನೇರ ಮುಖ್ಯಸ್ಥರ ಮುಂದೆಯೇ ಉಗುಳಿತು.

"ಏನ್ರೀ ಇದು, ಒಂದೇ ಷರತ್ತಾ? ಒಂದೇ ಕಾಲಿನ ಸ್ಟೂಲ್ ಇದ್ದ ಹಾಗಿದೆ! ಎರಡು ದಿಕ್ಕಿನ ಆಪರೇಟರ್‌ಗಳನ್ನ ಹಿಂದುಮುಂದು ಮಾಡಿ ಗುಣಿಸಿದ್ರೂ ಉತ್ತರ ಒಂದೇ ಅಂತ ಸೇರಿಸಿ."

"ಸಾರ್, ಅಷ್ಟು ಬಿಗಿ ಮಾಡಿದ್ರೆ ಏನಾದ್ರೂ ಉಳಿಯುತ್ತಾ ಅಂತ..."

"ನಾನು ಸಹಿ ಹಾಕದೇ ಹೋದ್ರೆ ಏನು ಉಳಿಯುತ್ತೆ, ಅದನ್ನ ಹೇಳಿ."

ಷರತ್ತು ಸೇರಿತು. ವಿಭಾಗದ ಪದ್ಧತಿಯಂತೆ ಷರತ್ತು ಕೊಟ್ಟವರ ಹೆಸರೂ ಸೇರಿತು, ಎಲ್ಲಕ್ಕಿಂತ ಮೇಲೆ. "ಒಂದೇ ಹೆಸರಿನ ನಿಯಮ ತಾನೇ? ನಾನು ನೋಡ್ಕೋತೀನಿ ಬಿಡಿ," ಎಂದರು.

ಸುದ್ದಿ ಕೇಳಿ ವಿಭಾಗದ ಹಿರಿಯ ಮೇಡಂ ಬಂದರು. "ನಿಮ್ಮ ಅಕ್ಕನ ಥರ ಇದ್ದೀನಿ, ನನ್ನನ್ನೇ ಬಿಟ್ಬಿಟ್ರಾ? ಆಪರೇಟರನ್ನ ಅದರಿಂದಲೇ ಗುಣಿಸಿದ್ರೆ ಸೊನ್ನೆ ಅಂತ ಹಾಕಿ. ನೋಡೋಕೂ ಚೆಂದ." ಹೆಸರು ಎರಡನೆಯದಾಯಿತು. ಮೇಷ್ಟ್ರು ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಟ್ಟವರಂತೆ ಕೆಳಗೆ ಸರಿದರು.

ನಾಲ್ಕು ಗಂಟೆಗೆ ಮೂವರೂ ಸಮಿತಿಯ ಕೋಣೆಗೆ ಹೋದರು. ಪರೀಕ್ಷಕಿ ಎರಡೇ ನಿಮಿಷದಲ್ಲಿ ಮೊದಲ ಪುಟದ ಷರತ್ತುಗಳನ್ನು ಓದಿ, ಮೇಜಿನ ಮೇಲೆ ಅಂಗೈ ಆಡಿಸಿದರು.

"ಈ ಮೂರೂ ಷರತ್ತಿಗೆ ಒಗ್ಗೋದು ಇದೊಂದೇ. ಚಪ್ಪಟೆ! ಬಾಗೇ ಇಲ್ಲದ ಜಾಗದ ಬಾಗಿನ ಬಗ್ಗೆ ಹನ್ನೆರಡು ಪುಟ. ಯಾರ ಬುದ್ಧಿ ಇದು?"

"ನಾನು ಬರೀ ಪ್ರಿಂಟ್ ಕೊಟ್ಟೆ," ಎಂದರು ಮುಖ್ಯಸ್ಥರು.

"ನಾನು ಬರೀ ಪಿನ್ ಹೊಡೆದೆ," ಎಂದರು ಮೇಡಂ.

ಎರಡು ಪೆನ್ನುಗಳು ಎರಡು ಹೆಸರುಗಳನ್ನು ಹೊಡೆದುಹಾಕಿದವು. ಒಂಬತ್ತು ವರ್ಷದಲ್ಲಿ ವಿಭಾಗ ಮೇಷ್ಟ್ರಿಗೆಂದೇ ಪೂರ್ತಿ ಬಿಟ್ಟುಕೊಟ್ಟ ಮೊದಲ ವಸ್ತು ಆ ಪ್ರಬಂಧ.

ಇಬ್ಬರೂ ಬಾಗಿಲ ಬಳಿ ತಲುಪಿದ್ದರು. ಪರೀಕ್ಷಕಿ ಪುಟ ತಿರುವಿದರು. "ತಡೀರಿ, ತಡೀರಿ. ನಾಲ್ಕನೇ ಪುಟದಲ್ಲಿ ಮೊದಲನೇ ಷರತ್ತೊಂದರಿಂದಲೇ ಎಲ್ಲಾ ಸಾಧಿಸಿದ್ದೀರಲ್ರೀ! ಬಹಳ ಚೆನ್ನಾಗಿದೆ. ಉಳಿದೆರಡು ತೆಗೆದು, ಹೊಸ ಪ್ರಿಂಟ್ ಐದರೊಳಗೆ ತನ್ನಿ."

ಮೇಷ್ಟ್ರು ಓಡಿದರು. ಪ್ರಿಂಟರ್ ಪಕ್ಕದಲ್ಲಿ ಮುಖ್ಯಸ್ಥರು ಆಗಲೇ ಪೆನ್ನಿನ ಕ್ಯಾಪ್ ತೆಗೆದು ಕೂತಿದ್ದರು. ಮೇಡಂ ಪಿನ್ ಹಿಡಿದು ನಿಂತಿದ್ದರು.

"ಒಂದೇ ಷರತ್ತು ಸಾಕು ಅಂತ ಬೆಳಗ್ಗೆಯಿಂದ ಬಡ್ಕೋತಿದ್ದೀನಿ," ಎಂದರು ಮುಖ್ಯಸ್ಥರು. "ನೀವು ಕೇಳಿದ್ರೆ ತಾನೇ?"

ಐದಕ್ಕೆ ಹೆಂಡತಿಯ ಫೋನ್ ಬಂತು. "ಕೊಟ್ರಾ? ನಿಮ್ಮ ಹೆಸರಲ್ಲೇ ತಾನೇ?"

"ಇದೆ ಕಣೇ," ಎಂದರು ಮೇಷ್ಟ್ರು. "ಮೂರನೆಯದು."