ಮಾವನೂ ಅವನ ಜರ್ಮನ್ ಪಂಡಿತನೂ

ನನ್ನ ಸೋದರಮಾವನನ್ನು ಹಾಳುಮಾಡಿದ್ದು ಹೆಂಡವಲ್ಲ, ಇಸ್ಪೀಟಲ್ಲ. ಒಬ್ಬ ಜರ್ಮನ್ ಪಂಡಿತ! ಕೋಳಿಕ್ಕೋಡಿಗೆ ಕಾಲೇಜು ಓದಲು ಹೋದವನು, ಡಿಗ್ರಿ ತರುವ ಬದಲು ಆ ಪಂಡಿತನ ದಪ್ಪ ಪುಸ್ತಕ ಹೊತ್ತುಕೊಂಡು ನಮ್ಮೂರು ಕೊಳವಳ್ಳಿಗೆ ಮರಳಿದ. ಅಂದಿನಿಂದ ಕಬಿನಿ ದಂಡೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಆ ಪಂಡಿತನ ಪ್ರಕಾರ ಜನ ಇನ್ನೊಬ್ಬರ ಮಾತು ಕೇಳುವುದು ಮೂರೇ ಕಾರಣಕ್ಕಂತೆ: ಹಿಂದಿನಿಂದ ಬಂದದ್ದೆಂದು, ಹೇಳುವವನ ವರ್ಚಸ್ಸಿಗೆ ಮರುಳಾಗಿ, ಇಲ್ಲವೇ ಕಾನೂನಿಗೆ ತಲೆಬಾಗಿ.

"ನೀವು ನನ್ನ ಮಾತು ಕೇಳೋದು ಯಾವುದಕ್ಕೆ?" ಅಂದಳು ಅತ್ತೆ.

"ನಾನೆಲ್ಲಿ ಕೇಳ್ತೀನಿ?"

"ಹಂಗಾದ್ರೆ ಕಂಜಿನೂ ಆ ಪಂಡಿತನ ಮನೇಲೇ ಕುಡೀರಿ!"

ನಕ್ಸಲೀಯರ ಕಾಲ ಅದು. ದಪ್ಪ ಪುಸ್ತಕವಿದ್ದ ಮನೆಗೆಲ್ಲ ಪೊಲೀಸರು ನುಗ್ಗುತ್ತಿದ್ದರು. ಎಸ್‌ಐ ಬಂದು, ಮಾವನ ಪುಸ್ತಕದ ರಟ್ಟಿನ ಮೇಲಿದ್ದ ಪಂಡಿತನ ಗಡ್ಡದ ಚಿತ್ರಕ್ಕೆ ಲಾಠಿ ಊರಿ, "ಇಯಾಳ್ ಎವಿಡೆ?" ಎಂದ.

"ಇವನೆಲ್ಲಿ ಅಂತ ಹೇಳಲಿ ಸಾರೆ, ಸತ್ತು ಎಷ್ಟೋ ಕಾಲ ಆಯ್ತು" ಅಂದ ಮಾವ.

"ಆರಾ ಕೊನ್ನದ್?"

ಕೊಂದವರು ಯಾರೆಂದು ಕೇಳುವವನ ಮುಂದೆ ಸುಮ್ಮನಿರಬಾರದೆ? ದಂಡಿಸುವ ಹಕ್ಕು ಸರ್ಕಾರಕ್ಕೆ ಎಲ್ಲಿಂದ ಬಂತೆಂದು ನಮ್ಮವ ಪಾಠ ಶುರುಮಾಡಿದ. ಉತ್ತರ ಅವನ ಬೆನ್ನಿಗೇ ಸಿಕ್ಕಿತು. ನಿಮಗೆ ನಗು ಬರಬಹುದು; ನನಗೆ ಇವತ್ತಿಗೂ ಮೈ ಉರಿಯುತ್ತದೆ. ಓದಿದ್ದಕ್ಕೆ ಬಡಿಯುವುದೇ?

ಅದಕ್ಕಿಂತ ಹೆಚ್ಚಿನ ಉರಿ ಮಾವನ ಅಪ್ಪನ ಮೇಲೆ, ಅಂದರೆ ನನ್ನ ಸ್ವಂತ ಅಜ್ಜನ ಮೇಲೆ. ಅವನಂತೆ ಜಮೀನಿದ್ದವರೆಲ್ಲ ವರ್ಷಕ್ಕೊಮ್ಮೆ ಉತ್ಸವದಲ್ಲಿ ಕಾವಿನಮ್ಮನ, ಅಂದರೆ ದೇವರಬನದ ದೇವಿಯ, ಗುಡಿಯ ಮುಂದೆ ಆಳಿನ ಕೈಗೆ ಒಂದಿಷ್ಟು ಕಾಸಿಟ್ಟು ಮಾತು ತಗೊಳ್ಳುತ್ತಿದ್ದರು. ಮುಗಿಯಿತು! ಮುಂದಿನ ಉತ್ಸವದವರೆಗೆ ಅವನು ಒಡೆಯನ ಸ್ವತ್ತು. ಬಿಟ್ಟುಹೋದರೆ ದೇವಿಯ ಕೋಪ. ದೇವಿಯನ್ನೇ ಮೇಸ್ತ್ರಿ ಮಾಡಿಕೊಂಡ ಭಂಡರು!

ನಮ್ಮ ಆಳು, ಅಡಿಯರ ಬುಡಕಟ್ಟಿನ ಮಾರ. ಅವನ ಬಸುರಿ ಹೆಂಡತಿ ಪನಮರದ ತವರಿನಲ್ಲಿ ಹಾಸಿಗೆ ಹಿಡಿದಿದ್ದಳು. ಹೋಗುತ್ತೇನೆಂದರೆ ಅಜ್ಜ, "ಅಮ್ಮನ ಮುಂದೆ ಮಾತು ಕೊಟ್ಟಿದ್ದೀಯ!" ಎಂದು ಗದರಿದ.

ಆಗ ನಮ್ಮ ಮಾವ ಏನು ಮಾಡಿದ ಗೊತ್ತೆ? ಮಾರನನ್ನು ಜಗಲಿಯಲ್ಲಿ ಕೂರಿಸಿಕೊಂಡು, ದೇವರ ಭಯವನ್ನು ಗದ್ದೆಯ ಕೆಲಸಕ್ಕೆ ಹೇಗೆ ಹೂಡುತ್ತಾರೆ, ಅದಕ್ಕೆ ಸರ್ಕಾರ ಹೇಗೆ ಕಾವಲು ನಿಲ್ಲುತ್ತದೆ ಎಂದು ಮಧ್ಯಾಹ್ನವಿಡೀ ಬಿಡಿಸಿ ಹೇಳಿದ. ಹೆಂಡತಿ ನರಳುತ್ತಿರುವವನಿಗೆ ಪಾಠ! ಪುಸ್ತಕವನ್ನೂ ಅವನನ್ನೂ ಒಟ್ಟಿಗೇ ಹೊಳೆಗೆ ನೂಕಬೇಕೆನ್ನಿಸಿತು ನನಗೆ.

ಮಾರ ಎಲ್ಲ ಕೇಳಿಸಿಕೊಂಡ. "ನೀಂಗ ಹೇಳದು ಸರಿ ತಂಬ್ರಾ. ಆದ್ರೆ ಅದ್ನ ಅಮ್ಮಂಗೆ ಯಾರು ಹೇಳದು?"

ಮಾವ ಪುಸ್ತಕ ಮುಚ್ಚಿದ.

ಮರುದಿನ, ಜನ್ಮದಲ್ಲಿ ದೇವರಿಗೆ ಕೈಮುಗಿಯದ ಆಸಾಮಿ ಮಾರನನ್ನು ಕರಕೊಂಡು ಬಸ್ಸಿನಲ್ಲಿ ಕಾವಿಗೆ ಹೋದ. ಹೊಳೆಯಲ್ಲಿ ಮುಳುಗೆದ್ದು, ಸೊಂಟಕ್ಕಂಟಿದ ಒದ್ದೆ ಮುಂಡಿನಲ್ಲೇ ಗುಡಿಯ ಮುಂದೆ ನಿಂತು, "ಅಮ್ಮಾ, ಇವನು ಕೊಟ್ಟ ಮಾತು ಇನ್ನು ನಂದು. ಕೋಪ ಬಂದ್ರೆ ನನ್ನ ಮೇಲೆ ಬರಲಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಮಾರ ಅಲ್ಲಿಂದಲೇ ಪನಮರಕ್ಕೆ ಓಡಿದ.

ಮಾವ ಮನೆಗೆ ಬಂದವನೇ ಗುದ್ದಲಿ ಹಿಡಿದು ಗದ್ದೆಗಿಳಿದ. ಅಜ್ಜ ಬದುವಿನ ಮೇಲೆ ನಿಂತು ಕೂಗಿದ: "ಒಡೆಯನ ಮಗ ಆಳಿನ ಕೆಲಸ ಮಾಡ್ತೀಯೇನೋ? ಮೇಲೆ ಬಾ!"

"ಬರಕಾಗಲ್ಲ ಅಪ್ಪಾ. ಅಮ್ಮನ ಮುಂದೆ ಮಾತು ಕೊಟ್ಟಿದೀನಿ."

ಮಾವ ಕಡಿದ ಬದು ಸೊಟ್ಟಗಿತ್ತು. ಅಂಗೈ ತುಂಬ ಬೊಬ್ಬೆ. ಸಂಜೆ ಅತ್ತೆ ಗದ್ದೆಗೇ ಕಂಜಿ ತಂದಳು. ಬಟ್ಟಲು ಹಿಡಿಯಲು ಅವನಿಂದ ಆಗಲಿಲ್ಲ. ಅವಳು ಕೆಸರಿಗಿಳಿದು, ಬಟ್ಟಲನ್ನು ತಾನೇ ಅವನ ತುಟಿಗೆ ಹಿಡಿದಳು.